ಬೆನ್ನುನೋವು, ಕೀಹೋಲ್ ಆಪರೇಷನ್: ಇವತ್ತು ಡಾಕ್ಟರನ್ನೇ ಕೇಳಿ

ಅಡ್ಮಿನ್: ನಮ್ಮ ಗುಂಪಿನಲ್ಲೇ ಇರುವ ಬೆನ್ನುಮೂಳೆ ಸರ್ಜನ್ ಒಬ್ಬರು ಸಂಜೆ ಉತ್ತರ ಕೊಡುತ್ತಾರೆ. ರಿಪೋರ್ಟ್ ಹಾಕುವವರು ಹೆಸರು ಮುಚ್ಚಿ ಹಾಕಿ. ಫಾರ್ವರ್ಡ್ ಬೇಡ, ದಯವಿಟ್ಟು.

ಶಿರಸಿ ಅಡಿಕೆ: ನಮಸ್ಕಾರ ಡಾಕ್ಟ್ರೇ. ನನಗೆ ಎಲ್‌4-ಎಲ್‌5 ಡಿಸ್ಕ್, ಅಂದರೆ ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ, ಜಾರಿತ್ತು. ಸೊಂಟದಿಂದ ಕಾಲಿನ ಹೆಬ್ಬೆರಳ ತನಕ ಕರೆಂಟ್ ಹೊಡೆದ ಹಾಗೆ ಸೆಳೆತ. ಗುಳಿಗೆ, ಫಿಸಿಯೋ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಯಿತು. ಮಳೆಗಾಲಕ್ಕೆ ಮುಂಚೆ ಚಿಕ್ಕ ತೂತಿನ ಕೀಹೋಲ್ ಆಪರೇಷನ್ ಮಾಡಿಸಿದೆ. ಮರುದಿನವೇ ಎದ್ದು ಓಡಾಡಿದೆ, ಕಾಲಿನ ಸೆಳೆತ ಪೂರ್ತಿ ಹೋಯಿತು. ಆದರೆ ಸೊಂಟನೋವು ಹಾಗೇ ಇದೆ. ಕೊಟ್ಟಿಗೆಯಲ್ಲಿ ಬಗ್ಗಿದರೆ ಹಿಡಿದುಕೊಳ್ಳುತ್ತದೆ. ಆಪರೇಷನ್ ಫೇಲಾ?

ಡಾಕ್ಟರ್: ಫೇಲ್ ಅಲ್ಲ. ನರವನ್ನು ಒತ್ತುತ್ತಿದ್ದ ಡಿಸ್ಕಿನ ತುಣುಕು ತೆಗೆದಿದ್ದಾರೆ, ಕಾಲುನೋವು ಹೋಯಿತು. ಸವೆದ ಡಿಸ್ಕ್ ಅಲ್ಲೇ ಇದೆ, ಅದರ ಸುತ್ತಲಿನ ಸ್ನಾಯುಗಳೂ ಸೋತಿವೆ. ಈ ಆಪರೇಷನ್ ಮುಖ್ಯವಾಗಿ ಕಾಲುನೋವಿಗೆ. ಬರೀ ಸೊಂಟನೋವಿಗೆ ಇದರಿಂದ ಅಷ್ಟು ಗುಣ ಸಿಗುವುದಿಲ್ಲ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ತೂತು ಚಿಕ್ಕದಾದರೆ ಸ್ನಾಯುವಿಗೆ ಪೆಟ್ಟು ಕಡಿಮೆ, ಬೇಗ ಮನೆಗೆ ಹೋಗಬಹುದು, ಅಷ್ಟೇ. ಒಳಗೆ ಮಾಡುವ ಕೆಲಸ ಅದೇ. ಫಿಸಿಯೋ ಬಿಡಬೇಡಿ. ಹುಲ್ಲಿನ ಹೊರೆ ಎತ್ತುವಾಗ ಮಂಡಿ ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತಿ. ಬೀಡಿ ಸಿಗರೇಟು ಇದ್ದರೆ ನಿಲ್ಲಿಸಿ.

ದಾವಣಗೆರೆ ಬೆಣ್ಣೆ: ಸರ್, ಖರ್ಚು ಎಷ್ಟಾಗುತ್ತೆ?

ಡಾಕ್ಟರ್: ಮಾಡಿಸುವ ಆಸ್ಪತ್ರೆಯಲ್ಲೇ ಕೇಳಿ.

ಕೋಡಿಂಗ್ ಕುಮಾರ: ವಯಸ್ಸು 32. ಮೂರು ವಾರದಿಂದ ಸೊಂಟನೋವು, ಕಾಲಿಗೆ ಏನಿಲ್ಲ. ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ (ಉಬ್ಬಿದೆ) ಅಂತ ಬಂದಿದೆ. ಈಗಲೇ ಲೇಸರ್ ಮಾಡಿಸಿದರೆ ಮುಂದೆ ತೊಂದರೆ ತಪ್ಪುತ್ತಾ?

ಡಾಕ್ಟರ್: ಯಾವ ನೋವೂ ಇಲ್ಲದ ಮೂವತ್ತರ ಆಸುಪಾಸಿನವರನ್ನು ಎಂಆರ್‌ಐ ಮಾಡಿದರೆ ನೂರಕ್ಕೆ ಸುಮಾರು 40 ಜನರಲ್ಲಿ ಬಲ್ಜ್ ಕಾಣುತ್ತದೆ. ಐವತ್ತರ ಆಸುಪಾಸಿನವರಲ್ಲಿ ಅದು 60. ನಾವು ಫಿಲ್ಮಿಗೆ ಆಪರೇಷನ್ ಮಾಡುವುದಿಲ್ಲ. ನಡೆಯಿರಿ, ಕುರ್ಚಿಯಿಂದ ಆಗಾಗ ಏಳಿ.

ಸಂಜೆಮಲ್ಲಿಗೆ: ನೆಲದ ಮೇಲೆ ಚಾಪೆ ಹಾಕಿ ಮಲಗಿದರೆ ಒಳ್ಳೆಯದಾ ಸರ್?

ಎಕ್ಕದ ಗಿಡ: ಆಪರೇಷನ್ ಯಾಕೆ ಸುಮ್ನೆ! ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿ. ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರು ಇದ್ದಾರೆ, ಸೊಂಟಕ್ಕೆ ಮೂರು ಸಲ ಒದ್ದರೆ ಸಾಕು, ಆಯಿತು. ಈ "ನೋವಿನ ಪುಡಿ"ಯನ್ನೂ ತಿನ್ನಿ, ಪೊಟ್ಟಣದ ಫೋಟೋ ಹಾಕಿದ್ದೇನೆ. 10 ಜನಕ್ಕೆ ಕಳಿಸಿ.

ಡಾಕ್ಟರ್: ಬಿಸಿ ಶಾಖದಿಂದ ಹಾಯೆನಿಸಬಹುದು, ಬೇಡ ಅನ್ನುವುದಿಲ್ಲ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಒದೆಸಿಕೊಳ್ಳುವುದು ಮಾತ್ರ ಬೇಡವೇ ಬೇಡ.

ತುಮಕೂರು ಗೃಹಿಣಿ: ಸರ್, ನಮ್ಮ ಅತ್ತೆಗೆ 61. ಮೊನ್ನೆ ಊರಿನಲ್ಲಿ ಹಾಗೇ ಬೆನ್ನು ತುಳಿಸಿದ್ದರು. ಈಗ ನೋವು ಎರಡೂ ಕಾಲಿಗೆ ಇಳಿದಿದೆ. ಬಲಗಾಲಿನ ಚಪ್ಪಲಿ ಜಾರಿ ಹೋಗುತ್ತೆ, ಗೊತ್ತೇ ಆಗಲ್ಲ ಅಂತಾರೆ. ನಿನ್ನೆ ರಾತ್ರಿಯಿಂದ ಒಂದ ಮಾಡಲು ಬರುತ್ತಿಲ್ಲ, ನೀರು ಕಮ್ಮಿ ಕುಡಿದಿರಬೇಕು ಅಂದುಕೊಂಡೆ. ಯಾವ ಮುಲಾಮು ಹಚ್ಚಲಿ?

ಡಾಕ್ಟರ್: ಮುಲಾಮು ಪಕ್ಕಕ್ಕಿಡಿ. ಒಂದೇ ಪ್ರಶ್ನೆ. ಮಲ ಮೂತ್ರದ ಜಾಗದ ಸುತ್ತ, ತೊಡೆಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ? ಶೌಚದ ನಂತರ ತೊಳೆದುಕೊಂಡರೆ ನೀರು ತಾಗಿದ್ದು ಗೊತ್ತಾಗುತ್ತಾ? ಕೇಳಿ ಬರೆಯಿರಿ.

ತುಮಕೂರು ಗೃಹಿಣಿ: ಕೇಳಿದೆ ಸರ್. ಬೆಳಿಗ್ಗೆಯಿಂದ ಅಲ್ಲಿ ಜೋಮು ಹಿಡಿದಂತಿದೆಯಂತೆ. ನಾಚಿಕೆಯಿಂದ ಹೇಳಿರಲಿಲ್ಲ.

ಡಾಕ್ಟರ್: ಹಾಗಾದರೆ ಈಗಲೇ ಹೊರಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಬೆನ್ನುಮೂಳೆಯ ಕೆಳಭಾಗದಲ್ಲಿ ನರಗಳು ಕುದುರೆ ಬಾಲದಂತೆ ಗೊಂಚಲಾಗಿ ಇಳಿಯುತ್ತವೆ. ಕಾಲಿಗೆ, ಮೂತ್ರಕೋಶಕ್ಕೆ, ಮಲದ್ವಾರಕ್ಕೆ ಹೋಗುವ ನರಗಳು ಅಲ್ಲೇ ಇವೆ. ಡಿಸ್ಕಿನ ದೊಡ್ಡ ತುಣುಕು ಆ ಗೊಂಚಲನ್ನೇ ಅಮುಕಿದರೆ ಹೀಗಾಗುತ್ತದೆ. ಒತ್ತಡ ಬೇಗ ತೆಗೆದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. 48 ಗಂಟೆ ದಾಟಿದರೆ ಮೂತ್ರದ ಹಿಡಿತ ವಾಪಸ್ ಬರುವುದು ಕಷ್ಟ, ಮತ್ತೆ ನಿಮಗೆ ನಿನ್ನೆ ರಾತ್ರಿಯಿಂದಲೇ ಗಂಟೆ ಓಡುತ್ತಿದೆ. ಎಂಆರ್‌ಐ ಮತ್ತು ನ್ಯೂರೋ ಸರ್ಜನ್ ಎರಡೂ ಇರುವ ಆಸ್ಪತ್ರೆಗೇ ಹೋಗಿ. ಕ್ಯಾಷುವಾಲಿಟಿಯಲ್ಲಿ ಸೊಂಟನೋವು ಅಂತ ಹೇಳಬೇಡಿ, ಕೂರಿಸಿಬಿಡುತ್ತಾರೆ. "ಒಂದ ಕಟ್ಟಿದೆ, ಕೆಳಗೆ ಸ್ಪರ್ಶ ಇಲ್ಲ, ಕಾಲು ಸೋತಿದೆ" ಅಂತ ಹೇಳಿ. ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಚೀಟಿ ತೆಗೆದುಕೊಂಡು ಹೋಗಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ರಾತ್ರಿಯೇ ಆಪರೇಷನ್ ಬೇಕಾಗಬಹುದು. ಹೊರಟ ಮೇಲೆ ಒಂದು ಸಾಲು ಹಾಕಿ.

ಎಕ್ಕದ ಗಿಡ: ತುಳಿಸಿದ್ದರಿಂದಲೇ ಆಯಿತು ಅಂತ ಪ್ರೂಫ್ ಏನು? ಅಲೋಪತಿಯವರಿಗೆ ಹೆದರಿಸುವುದೇ ಕೆಲಸ.

ನಿವೃತ್ತ ಬಸ್ ಚಾಲಕ, ಹಾಸನ: ರೀ ಸ್ವಾಮಿ, ಆ ಅಮ್ಮ ಒದ್ದಾಡ್ತಿದ್ದಾರೆ, ನಿಮಗೆ ಪ್ರೂಫ್ ಬೇಕಾ?

ಎಕ್ಕದ ಗಿಡ: ಆಯುರ್ವೇದ ಸಾವಿರಾರು ವರ್ಷದ್ದು.

ಶಿರಸಿ ಅಡಿಕೆ: ಒದೆಯೋದು ಯಾವ ಆಯುರ್ವೇದದಲ್ಲಿದೆ ಮಾರಾಯ್ರೆ? ನಮ್ಮ ಮಾವನೇ ಆಯುರ್ವೇದ ವೈದ್ಯರು. ಅವರು ಕೇಳಿದರೆ ಮೊದಲು ನಿಮ್ಮನ್ನೇ ಒದ್ದಾರು.

ಅಡ್ಮಿನ್: ಮಾತಿನ ಮೇಲೆ ಹಿಡಿತ ಇರಲಿ. ಇಬ್ಬರಿಗೂ.

ತುಮಕೂರು ಗೃಹಿಣಿ: ಕಾರಿನಲ್ಲಿದ್ದೇವೆ ಸರ್. ಬೆಂಗಳೂರಿಗೆ.

ಡಾಕ್ಟರ್: ಸರಿ. ಆಸ್ಪತ್ರೆಗೆ ಈಗಲೇ ಫೋನ್ ಮಾಡಿ, ರಾತ್ರಿ ಎಂಆರ್‌ಐ ನಡೆಯುತ್ತದಾ ಕೇಳಿ. ಇಲ್ಲ ಅಂದರೆ ಬೇರೆ ಕಡೆ ತಿರುಗಿಸಿ.

ಮಂಡ್ಯ ಬೆಲ್ಲ: ಸರ್, ಆಪರೇಷನ್ ಆದ ಮೇಲೆ ಡಿಸ್ಕ್ ಮತ್ತೆ ಜಾರುತ್ತಾ?

ಡಾಕ್ಟರ್: ಕೆಲವರಿಗೆ ಜಾರುತ್ತದೆ, ಅದೇ ಜಾಗದಲ್ಲೇ. ದೊಡ್ಡ ಗಾಯ ಮಾಡಿದರೂ, ಚಿಕ್ಕ ತೂತು ಮಾಡಿದರೂ.

ಸಂಜೆಮಲ್ಲಿಗೆ: ಚಾಪೆ ಬಗ್ಗೆ ಕೇಳಿದ್ದೆ ಸರ್...

ಕೋಡಿಂಗ್ ಕುಮಾರ: ಹಾಗಾದರೆ ಲೇಸರ್ ಬೇಡ್ವಾ?

ಡಾಕ್ಟರ್: ಬೇಡ.

ಎಕ್ಕದ ಗಿಡ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಡಾಕ್ಟರ್: ನೀವು ಪ್ರಶ್ನೆ ಕೇಳಿಲ್ಲ, ಫಾರ್ವರ್ಡ್ ಹಾಕಿದ್ದೀರಿ. ಆ "ನೋವಿನ ಪುಡಿ" ಪೊಟ್ಟಣದ ಫೋಟೋವನ್ನೂ ತೆಗೆಯಿರಿ. ಒಳಗೇನಿದೆ ಅಂತ ಬರೆದಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ತಿಂದ ಮೂರು ದಿನ ಹಾರಾಡುತ್ತಾರೆ, ಆಮೇಲೆ ಸಕ್ಕರೆ ಏರಿಸಿಕೊಂಡು ನಮ್ಮ ಹತ್ತಿರವೇ ಬರುತ್ತಾರೆ.

ದಾವಣಗೆರೆ ಬೆಣ್ಣೆ: ಸರ್, ಅಂದಾಜು ಆದರೂ ಹೇಳಿ, ಖರ್ಚು?

ಡಾಕ್ಟರ್: ಮೇಲೆ ಹೇಳಿದ್ದೇನೆ.

ದಾವಣಗೆರೆ ಬೆಣ್ಣೆ: ಮೇಲೆ ಎಲ್ಲಿ ಸರ್? ಬರೀ ಜಗಳ ಕಾಣ್ತಿದೆ.