ಫ್ಲ್ಯಾಟ್ ಮಾರಿ ಮನೆ ತಗೊಳ್ಳುತ್ತಿದ್ದೇವೆ, ಸಾಲಿಸಿಟರ್ ಯಾರನ್ನು ಹಿಡಿಯೋದು?

ಮಂಜು_ಸ್ಲೌ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಲೌನಲ್ಲಿ ನಾವಿರುವ ಲೀಸ್‌ಹೋಲ್ಡ್ (ಜಾಗ ಬೇರೆಯವರದ್ದು, ನಮ್ಮದು ದೀರ್ಘ ಗುತ್ತಿಗೆ) ಫ್ಲ್ಯಾಟ್ ಮಾರಿ, ರೆಡಿಂಗ್ ಕಡೆ ಒಂದು ಮನೆ ತಗೊಳ್ಳುತ್ತಿದ್ದೇವೆ. ಬೆಲೆ 4,50,000 ಪೌಂಡ್. ನಮ್ಮ ಆಫರ್ ಒಪ್ಪಿಕೊಂಡಿದ್ದಾರೆ. ಈಗ ಕಾಗದಪತ್ರ ನೋಡಿಕೊಳ್ಳಲು ಸಾಲಿಸಿಟರ್, ಅಂದರೆ ವಕೀಲರನ್ನು ಗೊತ್ತು ಮಾಡಬೇಕು. ಎಸ್ಟೇಟ್ ಏಜೆಂಟ್ ಫೋನ್ ಮಾಡಿದಾಗಲೆಲ್ಲ "ನಮ್ಮವರನ್ನೇ ಇಟ್ಟುಕೊಳ್ಳಿ, ಬೇಗ ಮುಗಿಯುತ್ತೆ" ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಂದು ಕನ್ವೇಯನ್ಸಿಂಗ್ (ಮನೆ ಮಾರಾಟ-ಖರೀದಿಯ ಕಾಗದಪತ್ರ ಮಾಡಿಕೊಡುವ) ಕಂಪನಿ ಅದರ ಅರ್ಧ ದುಡ್ಡಿಗೆ ಮಾಡಿಕೊಡುತ್ತೇವೆ ಅಂತಿದೆ. ನಮ್ಮ ಬೀದಿಯಲ್ಲಿ ಒಂದು ಹಳೇ ಸಾಲಿಸಿಟರ್ ಆಫೀಸಿದೆ, ಅವರದ್ದು ಎಲ್ಲಕ್ಕಿಂತ ಜಾಸ್ತಿ. ಸಾಲಿಸಿಟರ್‌ಗೂ ಕನ್ವೇಯನ್ಸರ್‌ಗೂ ಏನು ವ್ಯತ್ಯಾಸ?

ಇನ್ನೆರಡು ವಿಷಯ. ಅಪ್ಪ ಮೈಸೂರಿನ ಸೈಟು ಮಾರಿದ್ದಾರೆ, ಅದರಲ್ಲಿ ಸ್ವಲ್ಪ ನಮಗೆ ಕಳಿಸುತ್ತಾರೆ. ಹೆಂಡತಿ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟ್ ಇದೆ. ಇದನ್ನೆಲ್ಲ ಅವರಿಗೆ ಹೇಳಬೇಕಾ?

ಶೈಲಾ_ಮಿಲ್ಟನ್‌ಕೀನ್ಸ್:
ಮಂಜು, ಹೇಳಲೇಬೇಕು. ಮೊದಲನೇ ಫೋನಿನಲ್ಲೇ ಹೇಳಿ. ಅದಕ್ಕೆ ಅವರು ಏನು ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಯಾರನ್ನು ಹಿಡಿಯಬೇಕು ಅಂತ ಅರ್ಧ ಗೊತ್ತಾಗಿಬಿಡುತ್ತೆ.

ಬೆಂಗಳೂರಿನದ್ದು ಮೊದಲು. ಇಂಗ್ಲೆಂಡಿನ ಸ್ಟ್ಯಾಂಪ್ ಡ್ಯೂಟಿ ಲೆಕ್ಕದಲ್ಲಿ ಪ್ರಪಂಚದ ಯಾವ ಮೂಲೆಯಲ್ಲಿ ಮನೆ ಇದ್ದರೂ ಅದು ಲೆಕ್ಕಕ್ಕೆ ಬರುತ್ತೆ. ಗಂಡ ಹೆಂಡತಿಯನ್ನು ಸೇರಿಸಿಯೇ ನೋಡುತ್ತಾರೆ. ಇನ್ನೊಂದು ಮನೆ ಇದ್ದರೆ ದರ ಜಾಸ್ತಿ. ಆದರೆ ನೀವು ವಾಸ ಇರುವ ಫ್ಲ್ಯಾಟನ್ನೇ ಮಾರಿ, ಅದರ ಬದಲಿಗೆ ವಾಸಕ್ಕೆ ಈ ಮನೆ ತಗೊಳ್ಳುತ್ತಿದ್ದೀರಿ. ಹಾಗಾಗಿ ನಿಮಗೆ ಮಾಮೂಲಿ ದರವೇ. ಈಗಿನ ಲೆಕ್ಕದಲ್ಲಿ 4,50,000ಕ್ಕೆ 12,500 ಪೌಂಡ್. ಆದರೆ ಫ್ಲ್ಯಾಟಿನ ಮಾರಾಟ ಹಿಂದೆ ಬಿದ್ದು, ಮನೆ ಮೊದಲು ನಿಮ್ಮ ಹೆಸರಿಗೆ ಬಂತು ಅನ್ನಿ. ಆಗ ಮೇಲೆ 5 ಪರ್ಸೆಂಟ್, ಅಂದರೆ ಇನ್ನೂ 22,500 ಕಟ್ಟಬೇಕು. 3 ವರ್ಷದೊಳಗೆ ಹಳೇ ಫ್ಲ್ಯಾಟ್ ಮಾರಿದರೆ ವಾಪಸ್ ಕೇಳಬಹುದು, ಸರಿ. ಆದರೆ ಅಷ್ಟು ದುಡ್ಡು ಅವತ್ತು ಕೈಯಲ್ಲಿರಬೇಕಲ್ವಾ? ಅದಕ್ಕೇ ಮಾರುವುದಕ್ಕೂ ಕೊಳ್ಳುವುದಕ್ಕೂ ಒಂದೇ ಆಫೀಸು ಇರಲಿ. ಎರಡೂ ಕಂಪ್ಲೀಷನ್ (ದುಡ್ಡು ಕೊಟ್ಟು ಮನೆ ಕೈ ಬದಲಾಗುವುದು) ಒಂದೇ ದಿನ ಮಾಡಿಸುವ ಹೊಣೆ ಒಬ್ಬರ ತಲೆ ಮೇಲಿರುತ್ತೆ.

ಸ್ಟ್ಯಾಂಪ್ ಡ್ಯೂಟಿಯ ರಿಟರ್ನನ್ನು ಕಂಪ್ಲೀಷನ್ ಆದ 14 ದಿನದೊಳಗೆ ಹಾಕಿ ತೆರಿಗೆ ಕಟ್ಟಬೇಕು. ಸಾಮಾನ್ಯವಾಗಿ ಸಾಲಿಸಿಟರೇ ಹಾಕುತ್ತಾರೆ. ಆದರೆ ಅದರಲ್ಲಿ ತಪ್ಪಿದ್ದರೆ ತೆರಿಗೆಯವರು ಹಿಡಿಯುವುದು ನಿಮ್ಮನ್ನು. ಬೆಂಗಳೂರಿನ ಮನೆ ಬಗ್ಗೆ ಕೇಳದವರು ನಿಮ್ಮ ರಿಟರ್ನ್ ಬರೆಯುವುದು ಬೇಡ.

ಇನ್ನು ಅಪ್ಪನ ದುಡ್ಡು. ಇದು ಎಲ್ಲಿಂದ ಬಂತು ಅಂತ ಕೇಳುವುದು ಅವರಿಗೆ ಕಾನೂನಿನ ಕಟ್ಟಳೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಸೈಟಿನ ಕ್ರಯಪತ್ರ, ದುಡ್ಡು ಜಮಾ ಆದ ಬ್ಯಾಂಕ್ ಪುಟ, ಅಪ್ಪನ ಪಾಸ್‌ಪೋರ್ಟ್, "ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ನನಗೆ ಪಾಲು ಬೇಡ" ಅಂತ ಒಂದು ಕಾಗದ, ಇಷ್ಟಂತೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ತೊಡಕಾಗಿದ್ದು ಹೆಸರು. ನಮ್ಮಪ್ಪನ ಹೆಸರು ಕ್ರಯಪತ್ರದಲ್ಲಿ ಎರಡು ಇನಿಶಿಯಲ್ ಜೊತೆಗಿದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ತಾತನ ಹೆಸರು ಎಲ್ಲ ಬಂದಿದೆ. ಬ್ಯಾಂಕಿನಲ್ಲಿ ಬರೀ ಒಂದು ಇನಿಶಿಯಲ್. ಇಲ್ಲಿಯವರ ಕಣ್ಣಿಗೆ ಇವರು ಮೂರು ಜನ! ಸಾಲದ್ದಕ್ಕೆ ಕ್ರಯಪತ್ರ ಪೂರ್ತಿ ಕನ್ನಡದಲ್ಲಿ.

ನಮ್ಮ ಫೈಲ್ ನೋಡುತ್ತಿದ್ದ ಹೆಂಗಸು ಇಂಥದ್ದನ್ನು ಮೊದಲೇ ನೋಡಿದ್ದರು. ಮೂರೂ ಹೆಸರು ಒಬ್ಬರದ್ದೇ ಅಂತ ನೋಟರಿ ಮುಂದೆ ಒಂದು ಅಫಿಡವಿಟ್, ಕ್ರಯಪತ್ರದ ಇಂಗ್ಲಿಷ್ ಅನುವಾದ, ಏನೇನು ಬೇಕೋ ಅಷ್ಟನ್ನೂ ಒಂದೇ ಈಮೇಲಿನಲ್ಲಿ ಬರೆದು ಕಳಿಸಿದರು. ಅದೇ ಸಮಯದಲ್ಲಿ ನನ್ನ ಸ್ನೇಹಿತೆಯೂ ಮನೆ ಕೊಳ್ಳುತ್ತಿದ್ದಳು. ಅವಳನ್ನು ಬೇರೊಂದು ಕಂಪನಿಯವರು ಒಂದು ಕಾಗದ ಕೊಟ್ಟ ಮೇಲೆ ಇನ್ನೊಂದು ಅಂತ ಕೇಳುತ್ತಲೇ ಹೋದರು. ಮಾರುವವರಿಗೆ ಕಾದು ಸಾಕಾಯಿತು, ಮನೆ ಬೇರೆಯವರ ಪಾಲಾಯಿತು. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಸಹಿ ಮಾಡಿದ ಕರಾರನ್ನು ಎರಡೂ ಕಡೆಯವರು ಬದಲಾಯಿಸಿಕೊಳ್ಳುವುದು) ಆಗುವ ತನಕ ಇಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಸರ್ವೆಗೆ, ಸರ್ಚ್‌ಗಳಿಗೆ (ಕೌನ್ಸಿಲ್ ಮುಂತಾದ ಕಡೆ ಮನೆಯ ದಾಖಲೆ ಹುಡುಕಿಸುವುದಕ್ಕೆ) ಅವಳು ಸುರಿದ ದುಡ್ಡು ಹೋಗಿದ್ದು ಹೋಯಿತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಸಾಲಿಸಿಟರಾ, ಕನ್ವೇಯನ್ಸರಾ ಅನ್ನುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸಾಲಿಸಿಟರ್‌ಗಳ ಮೇಲೆ ಎಸ್‌ಆರ್‌ಎ ಅನ್ನುವ ನಿಯಂತ್ರಣ ಸಂಸ್ಥೆ ಇದೆ, ಮನೆ ವ್ಯವಹಾರದ ಕಾಗದಪತ್ರವನ್ನೇ ಮಾಡುವ ಲೈಸೆನ್ಸ್ಡ್ ಕನ್ವೇಯನ್ಸರ್‌ಗಳ ಮೇಲೆ ಸಿಎಲ್‌ಸಿ ಅನ್ನುವುದು ಇದೆ. ಎರಡರ ವೆಬ್‌ಸೈಟಿನಲ್ಲೂ ಹೆಸರು ಹಾಕಿ ನೋಡಿ. ವಿಚ್ಛೇದನ, ಗಡಿ ತಕರಾರು ಅಂತ ಏನಾದರೂ ಸೇರಿಕೊಂಡಿದ್ದರೆ ಸಾಲಿಸಿಟರ್ ಇರಲಿ. ಇಲ್ಲದಿದ್ದರೆ ನನ್ನ ಮಟ್ಟಿಗೆ ಇಬ್ಬರೂ ಒಂದೇ. ಫೈಲ್ ಯಾರ ಮೇಜಿನ ಮೇಲಿರುತ್ತೆ, ಅವರ ಹೆಸರೇನು, ಅವರಿಗೆ ನೇರವಾಗಿ ಫೋನ್ ಮಾಡಬಹುದಾ, ಅವರು ರಜೆ ಹೋದರೆ ಯಾರು ನೋಡುತ್ತಾರೆ, ಇದನ್ನು ಕೇಳಿ. "ನಮ್ಮ ಟೀಮ್ ನೋಡಿಕೊಳ್ಳುತ್ತೆ" ಅಂದರೆ ಮುಂದಿನವರಿಗೆ ಫೋನ್ ಮಾಡಿ.

ರಘು_ವಾಟ್‌ಫರ್ಡ್:
ಶೈಲಾ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ಅರ್ಧ ಬೆಲೆಯ ಕೊಟೇಶನ್ನನ್ನು ಕೊನೇ ಪುಟದವರೆಗೂ ಓದಿ. ನನಗೆ ಬಂದಿದ್ದರಲ್ಲಿ ಮೊದಲ ಸಾಲಿನಲ್ಲಿ ಫೀಸು ಕಡಿಮೆ ಇತ್ತು. ಕೆಳಗೆ ಲೀಸ್‌ಹೋಲ್ಡ್‌ಗೆ ಬೇರೆ, ಮಾರ್ಟ್‌ಗೇಜ್ ಇದ್ದರೆ ಬೇರೆ, ಉಡುಗೊರೆ ದುಡ್ಡಿಗೆ ಬೇರೆ, ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಬೇರೆ, ಫೀಸಿನ ಮೇಲೆಲ್ಲ 20 ಪರ್ಸೆಂಟ್ ವ್ಯಾಟ್. ಕೂಡಿಸಿದರೆ ಬೀದಿಯ ಆಫೀಸಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಸರ್ಚ್, ಲ್ಯಾಂಡ್ ರಿಜಿಸ್ಟ್ರಿ ಖರ್ಚು ಎಲ್ಲಿ ಹೋದರೂ ಇದ್ದೇ ಇರುತ್ತೆ.

ಏಜೆಂಟ್ ಹೇಳಿದವರನ್ನೇ ಇಟ್ಟುಕೊಳ್ಳಬೇಕು ಅಂತ ಏನೂ ಇಲ್ಲ. ನಿಮ್ಮನ್ನು ಕಳಿಸಿದ್ದಕ್ಕೆ ಏಜೆಂಟಿಗೆ ಎಷ್ಟು ಕಮಿಷನ್ ಅಂತ ನೇರವಾಗಿ ಕೇಳಿ, ಅದನ್ನು ಮುಚ್ಚಿಡುವ ಹಾಗಿಲ್ಲ. ಯಾರನ್ನೇ ಆರಿಸಿದರೂ ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕು ಒಪ್ಪಿದವರ ಪಟ್ಟಿಯಲ್ಲಿ) ಅವರು ಇದ್ದಾರಾ ನೋಡಿಕೊಳ್ಳಿ. ಇಲ್ಲದಿದ್ದರೆ ಬ್ಯಾಂಕು ತನ್ನ ಪರವಾಗಿ ಇನ್ನೊಬ್ಬರನ್ನು ಇಡಬಹುದು, ಆ ಬಿಲ್ಲೂ ನಿಮಗೇ ಬರುತ್ತೆ.

ಸವಿತಾ_ಲೀಡ್ಸ್:
ಮಂಜು ಅವರೇ, ನೀವು ಮಾರುತ್ತಿರುವುದು ಲೀಸ್‌ಹೋಲ್ಡ್ ಫ್ಲ್ಯಾಟ್ ಅನ್ನುವುದನ್ನು ಮರೆಯಬೇಡಿ. ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್ ಕೊಡುವ ಎಲ್‌ಪಿಇ1 (ಸರ್ವಿಸ್ ಚಾರ್ಜ್ ಮುಂತಾದ ವಿವರದ ಫಾರ್ಮ್) ಕಾಗದಗಳು ಬರುವುದೇ ತಡ. ಸಾಲಿಸಿಟರ್ ಗೊತ್ತಾದ ದಿನವೇ ಅದಕ್ಕೆ ದುಡ್ಡು ಕಟ್ಟಿ ತರಿಸಲು ಹೇಳಿ. ಕಟ್ಟಡ 11 ಮೀಟರಿಗಿಂತ ಎತ್ತರ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಕ್ಲ್ಯಾಡಿಂಗ್ (ಬೆಂಕಿ ಹಿಡಿಯುವಂಥ ಹೊರಗೋಡೆ ಹೊದಿಕೆ) ಗಲಾಟೆ ಆದಮೇಲೆ ಕೆಲವರು ಅಂಥ ಕೇಸು ಮುಟ್ಟುವುದೇ ಇಲ್ಲ.

ಇನ್ನೊಂದು, ದಯವಿಟ್ಟು ಹುಷಾರು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಸಾಲಿಸಿಟರ್ ಹೆಸರಿನಲ್ಲಿ ಈಮೇಲ್ ಬಂದರೆ ನಂಬಬೇಡಿ. ಖಾತೆ ನಂಬರನ್ನು ಮೊದಲ ದಿನವೇ ಆಫೀಸಿಗೆ ಹೋಗಿ ಬರೆದುಕೊಂಡು ಬನ್ನಿ. ದುಡ್ಡು ಕಳಿಸುವ ಮುಂಚೆ, ನಿಮಗೆ ಮೊದಲಿಂದ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಓದಿಸಿ.

ಮಂಜು_ಸ್ಲೌ:
ತುಂಬಾ ಥ್ಯಾಂಕ್ಸ್. ಇವತ್ತು ಎರಡು ಕಡೆ ಫೋನ್ ಮಾಡಿದೆ. ಆನ್‌ಲೈನಿನವರಿಗೆ ಬೆಂಗಳೂರಿನ ವಿಷಯ ಹೇಳಿದರೆ "ಅದೆಲ್ಲ ಆಮೇಲೆ, ಮೊದಲು ಫಾರ್ಮ್ ತುಂಬಿ" ಅಂದರು. ಬೀದಿಯ ಆಫೀಸಿನಲ್ಲಿ "ಅಪಾರ್ಟ್‌ಮೆಂಟ್ ಯಾವಾಗ ತಗೊಂಡಿದ್ದು? ಸ್ಲೌ ಫ್ಲ್ಯಾಟಿನಲ್ಲಿ ನೀವೇ ವಾಸ ಇದ್ದೀರಾ, ಬಾಡಿಗೆಗೆ ಕೊಟ್ಟಿದ್ದಿರಾ?" ಅಂತ ತಿರುಗಿ ಕೇಳಿದರು. ನಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲೂ ಇದ್ದಾರೆ. ಅವರನ್ನೇ ಇಟ್ಟುಕೊಳ್ಳುತ್ತೇವೆ. ಅಪ್ಪ ನಾಳೆಯೇ ದುಡ್ಡು ಕಳಿಸುತ್ತೇನೆ ಅಂತಿದ್ದಾರೆ, ಕಳಿಸಲಿ ಅಲ್ವಾ?

ಶೈಲಾ_ಮಿಲ್ಟನ್‌ಕೀನ್ಸ್:
ನಾಳೆ ಬೇಡ. ಮೊದಲು ಸಾಲಿಸಿಟರ್ ಕಾಗದ ನೋಡಲಿ. ದುಡ್ಡು ನಿಮ್ಮ ಖಾತೆಗೆ ಬರಬೇಕಾ, ಅವರ ಖಾತೆಗಾ ಅಂತ ಅವರನ್ನೇ ಕೇಳಿ. ವಿದೇಶದಿಂದ ನೇರವಾಗಿ ಬಂದ ದುಡ್ಡನ್ನು ಕೆಲವರು ತಗೊಳ್ಳುವುದಿಲ್ಲ. ಭಾರತದಲ್ಲಿರುವವರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಅದರ ಫಾರ್ಮು ಅಪ್ಪನ ಬ್ಯಾಂಕಿನಲ್ಲೇ ಸಿಗುತ್ತೆ. ಮುಖ್ಯವಾಗಿ, ಬೇಗ ಆಗಲಿ ಅಂತ ಚಿಕ್ಕಪ್ಪನ ಖಾತೆಯಿಂದ ಸ್ವಲ್ಪ, ಭಾವನ ಖಾತೆಯಿಂದ ಸ್ವಲ್ಪ ಕಳಿಸಬೇಡಿ. ಸೈಟಿನ ದುಡ್ಡು ಜಮಾ ಆದ ಖಾತೆಯಿಂದಲೇ ಬರಲಿ. ಇಲ್ಲದಿದ್ದರೆ ಚಿಕ್ಕಪ್ಪನ ಕಾಗದಪತ್ರವನ್ನೂ ಕೇಳುತ್ತಾರೆ.