ಮುಂದಿನ ಭಾಗ ಸಪ್ಪೆಯೋ, ಆಡುವ ನಾವೇ ದಣಿದಿದ್ದೇವೋ?

ಪ್ರಶ್ನೆ (ಶಿರಾ ಗೇಟ್, ತುಮಕೂರು)

ನಮ್ಮ ಬಳಗದಲ್ಲಿ ಹೊಸ ವಿಡಿಯೋ ಗೇಮ್‌ನ ಡಿಸ್ಕನ್ನು ಬಿಡುಗಡೆಯ ದಿನವೇ ಕೊಳ್ಳುವವರು ಕಡಿಮೆ. ಕೈಯಿಂದ ಕೈಗೆ ದಾಟಿ, ಬೆಲೆ ಇಳಿದ ಮೇಲೆಯೇ ಆಟಗಳು ನಮಗೆ ಸಿಗುತ್ತವೆ. ಹೀಗೆ ಸಿಕ್ಕ 2015ರ ‘ಅಸಾಸಿನ್ಸ್ ಕ್ರೀಡ್ ಸಿಂಡಿಕೇಟ್’ ಅನ್ನು, ಆ ಸರಣಿಯ ಬೇರಾವ ಭಾಗವನ್ನೂ ಆಡದೆ, ಈ ಬೇಸಿಗೆಯಲ್ಲಿ ಮುಗಿಸಿದೆ. 1868ರ ಲಂಡನ್ ನಗರ, ಹಗ್ಗ ಹಾರಿಸಿ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುವ ಸೊಗಸು, ಈವೀ ಮತ್ತು ಜೇಕಬ್ ಎಂಬ ಅವಳಿಗಳ ಜಗಳ, ಎಲ್ಲವೂ ನನಗೆ ಬಹಳ ಹಿಡಿಸಿದವು. ಆದರೆ ಸರಣಿಯನ್ನು ಮೊದಲಿನಿಂದಲೂ ಆಡಿಕೊಂಡು ಬಂದಿರುವ ನಮ್ಮ ದೊಡ್ಡಪ್ಪನ ಮಗ, “ಅದೇ ರಾಗ, ಅದೇ ಹಾಡು” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅವರು ಅಳೆಯುತ್ತಿರುವುದು ಆಟವನ್ನೋ, ತಮ್ಮ ದಣಿವನ್ನೋ?

ಉತ್ತರ (ತಿಪಟೂರು)

ಆ ಆಟ ಬಂದ ಹೊತ್ತು ಕೆಟ್ಟದ್ದಾಗಿತ್ತು. 2009ರಿಂದ ಪ್ರತಿ ವರ್ಷವೂ ಈ ಸರಣಿಯ ಪ್ರಮುಖ ಭಾಗವೊಂದು ಬರುತ್ತಲೇ ಇತ್ತು. 2014ರ ‘ಯೂನಿಟಿ’ ಎಷ್ಟು ದೋಷಗಳೊಂದಿಗೆ ಬಂತೆಂದರೆ, ಮುಖದ ಚರ್ಮವೇ ಇಲ್ಲದೆ ಬರಿಯ ಕಣ್ಣು, ಹಲ್ಲುಗಳಿಂದ ಮಾತನಾಡುವ ಪಾತ್ರಗಳ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸರಣಿಯನ್ನು ಹೊರತರುವ ಯೂಬಿಸಾಫ್ಟ್ ಕಂಪನಿ ಕ್ಷಮೆಯನ್ನೂ ಕೇಳಿತು. ಒಂದು ವರ್ಷ ತುಂಬುವ ಮೊದಲೇ ‘ಸಿಂಡಿಕೇಟ್’ ಬಂದಾಗ, ಹಿಂದಿನದರ ಸಿಟ್ಟು ಇದರ ಮೇಲೆ ತೀರಿತು. ಮೊದಲ ವಾರದ ಮಾರಾಟಕ್ಕೆ ‘ಯೂನಿಟಿ’ಯಿಂದಲೇ ಪೆಟ್ಟು ಬಿತ್ತೆಂದು ಕಂಪನಿಯೇ ಒಪ್ಪಿಕೊಂಡಿತ್ತು.

ಅದೇ ‘ಯೂನಿಟಿ’ಯ ಮುಂದಿನ ಕಥೆಯನ್ನೂ ನೋಡಿ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನಾಟ್ರ ಡಾಮ್ ಚರ್ಚಿಗೆ ಬೆಂಕಿ ಬಿದ್ದ ಬಳಿಕ, ಆ ಕಟ್ಟಡವನ್ನು ಸೂಕ್ಷ್ಮವಾಗಿ ಕಡೆದಿಟ್ಟಿದ್ದ ಈ ಆಟವನ್ನು ಒಂದು ವಾರ ಉಚಿತವಾಗಿ ಕೊಟ್ಟರು. ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ಹೊಗಳಿಕೆಯ ವಿಮರ್ಶೆಗಳು ಸಾಲುಗಟ್ಟಿದವು. ಆಟ ಅದೇ, ಆಡುವವರ ಮನಸ್ಸು ಬೇರೆಯಾಗಿತ್ತು.

ಉತ್ತರ (ಮಧುಗಿರಿ)

ತಿಪಟೂರಿನವರ ಮಾತನ್ನು ಪೂರ್ತಿ ಒಪ್ಪಲಾರೆ. ದಣಿವು ಆಟದ ಹೊರಗಿನ ಸಂಗತಿಯಲ್ಲ, ಅದನ್ನು ಆಟದ ಒಳಗಿನ ಕೆಲಸವೇ ಹುಟ್ಟಿಸುತ್ತದೆ. ಗೋಪುರ ಹತ್ತುವುದು, ತುದಿಯಲ್ಲಿ ಕೂತು ಗುಂಡಿ ಒತ್ತುವುದು, ಕ್ಯಾಮೆರಾ ಒಂದು ಸುತ್ತು ತಿರುಗಿ ನಕ್ಷೆಯ ಮೇಲೆಲ್ಲ ಗುರುತುಗಳು ಮೂಡುವುದು, ಆಮೇಲೆ ಕೆಳಗಿನ ಹುಲ್ಲಿನ ರಾಶಿಗೆ ಧುಮುಕುವುದು: ಇದನ್ನು ಮೊದಲ ಸಲ ಮಾಡಿದಾಗ ಮೈ ಜುಮ್ಮೆನ್ನುತ್ತದೆ. ಫ್ಲಾರೆನ್ಸ್, ರೋಮ್, ಪ್ಯಾರಿಸ್, ಲಂಡನ್ ಎಂದು ಊರು ಬದಲಾದರೂ ಕೈಬೆರಳುಗಳಿಗೆ ಅದೇ ದುಡಿಮೆಯಾದರೆ, ಬೇಸರಪಟ್ಟವರನ್ನು ಪೂರ್ವಗ್ರಹಪೀಡಿತರೆನ್ನುವುದು ನ್ಯಾಯವಲ್ಲ. ನಿಮ್ಮ ಅಣ್ಣನವರು ಆ ದುಡಿಮೆಯನ್ನು ವರ್ಷವರ್ಷವೂ ಮಾಡಿದವರು.

ಸರಣಿಯ ಮುಂದಿನ ಭಾಗವಾದ 2017ರ ‘ಒರಿಜಿನ್ಸ್’ ಗೆದ್ದದ್ದು 2016ರಲ್ಲಿ ಪ್ರಮುಖ ಭಾಗವನ್ನು ತರದೆ ಬಿಟ್ಟದ್ದರಿಂದ ಮಾತ್ರವಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಕಾದಾಟದ ಕ್ರಮವನ್ನು ಹೊಸದಾಗಿ ಕಟ್ಟಿದರು, ಗೋಪುರದಿಂದ ನಕ್ಷೆ ತುಂಬುವುದನ್ನು ಕೈಬಿಟ್ಟು ಸೇನು ಎಂಬ ಹದ್ದಿನ ಕಣ್ಣಿನಿಂದ ನಾವೇ ಹುಡುಕುವಂತೆ ಮಾಡಿದರು. ಬರಿಯ ಬಿಡುವು ಕೊಟ್ಟು ಹಳೆಯದನ್ನೇ ಬಡಿಸಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

ಉತ್ತರ (ಕ್ಯಾತ್ಸಂದ್ರ)

ಮಧುಗಿರಿಯವರ ವಾದ ಆಡಿ ಬೇಸತ್ತವರಿಗೆ ಸರಿ. ಆಡದೆಯೇ ಬೇಸತ್ತವರೂ ಇದ್ದಾರಲ್ಲ? 2016ರಲ್ಲಿ ‘ಕಾಲ್ ಆಫ್ ಡ್ಯೂಟಿ: ಇನ್ಫಿನಿಟ್ ವಾರ್‌ಫೇರ್’ ಎಂಬ ಯುದ್ಧದ ಆಟದ ಟ್ರೇಲರ್‌ಗೆ ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ಡಿಸ್‌ಲೈಕ್ ಬಿದ್ದಾಗ ಆಟವಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಆ ಸರಣಿಯಲ್ಲಿ ಭವಿಷ್ಯದ ಯುದ್ಧಗಳ ಕಥೆಗಳೇ ಸಾಲಾಗಿ ಬಂದಿದ್ದರಿಂದ ಜನ ರೋಸಿಹೋಗಿದ್ದು ನಿಜ. ಆದರೆ ಒಬ್ಬರೇ ಆಡುವ ಅದರ ಕಥಾಭಾಗ ಚೆನ್ನಾಗಿದೆಯೆಂದು ಆಮೇಲೆ ಹೇಳಿದವರೂ ಬಹಳ. ಆದ್ದರಿಂದ ವಿಮರ್ಶೆ ಬರೆಯುವವರು ಹಿಂದಿನ ಯಾವ ಭಾಗಗಳನ್ನು ಆಡಿದ್ದೇವೆಂದು ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಹೊಸಬರು ಬೇರೆಯವರ ಸುಸ್ತನ್ನು ಆಟದ ಗುಣವೆಂದು ನಂಬಿ, ಕೊಳ್ಳದೆ ಬಿಡುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ‘ಯೂನಿಟಿ’ಯನ್ನು ಈಗ ಆಡಬೇಕೆಂದಿದ್ದೇನೆ. ದೋಷಗಳನ್ನು ಸರಿಪಡಿಸಿದ ಅಪ್‌ಡೇಟ್‌ಗಳನ್ನು ಹಾಕಿಕೊಂಡು ಆಡಿದವರಿದ್ದರೆ, ಪಿಎಸ್4 (ಪ್ಲೇಸ್ಟೇಷನ್ 4) ಯಂತ್ರದಲ್ಲಿ ಜನಸಂದಣಿಯ ಬೀದಿಗಳಲ್ಲಿ ಆಟ ಇನ್ನೂ ತಡವರಿಸುತ್ತದೆಯೇ ಎಂದು ದಯವಿಟ್ಟು ತಿಳಿಸಿ.