ಹರಕೆಯಾಟವೋ, ಪಿಗ್ಮಿಯೋ, ಎಎಂಸಿಯೋ: ಮುಕ್ತ ತಂತ್ರಾಂಶದ ಖರ್ಚು ಯಾರ ಲೆಕ್ಕಕ್ಕೆ?

ಕದ್ರಿಗುಡ್ಡೆ:
ಸಾಲಿನ ಕೊನೆಯಲ್ಲಿ ಒತ್ತಕ್ಷರ ತುಂಡಾಗದಂತೆ ಕನ್ನಡ ಪದಗಳನ್ನು ಒಡೆಯುವ, ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಉಚಿತವಾಗಿ ಸೇರಿಸಿಕೊಳ್ಳಬಹುದಾದ ಚಿಕ್ಕ ಕೋಡ್ ಲೈಬ್ರರಿಯೊಂದನ್ನು ಆರು ವರ್ಷಗಳಿಂದ, ಕಚೇರಿ ಮುಗಿಸಿ ಮನೆಗೆ ಬಂದ ಮೇಲೆ, ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಅದನ್ನು ಬಳಸುವ ಮುದ್ರಣಾಲಯಗಳಿಗೂ ಕಂಪನಿಗಳಿಗೂ ನನ್ನ ನೆನಪಾಗುವುದು ದೋಷ ಕಂಡಾಗ ಮಾತ್ರ. ದೇಣಿಗೆಯ ಕೊಂಡಿ ಹಾಕಿ ಎರಡು ವರ್ಷವಾದರೂ ಬಂದದ್ದು ಸರ್ವರ್ ಬಾಡಿಗೆಗೆ ಸಾಲಲಿಲ್ಲ. ಪರವಾನಗಿಯನ್ನೇ ಬದಲಿಸಿ ವಾಣಿಜ್ಯ ಬಳಕೆಗೆ ಶುಲ್ಕ ಹಾಕಲೇ?

ಮಲ್ಪೆ ಬಂದರು:
ಪರವಾನಗಿಗೆ ಕೈ ಹಾಕಬೇಡಿ. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾಬೇಸ್ ತಂತ್ರಾಂಶದವರು ಹಾಗೆ ಮಾಡಿದ ಕೆಲವೇ ದಿನಗಳಲ್ಲಿ ಅದರ ಹಳೆಯ ಕೋಡ್‌ನಿಂದ ಬೇರೆಯವರು ಮುಂದುವರಿಸುವ ವಾಲ್ಕೀ ಎಂಬ ಮುಕ್ತ ಕವಲು ಹುಟ್ಟಿತು. ಮರುವರ್ಷ ರೆಡಿಸ್ ತಾನೇ ಮುಕ್ತ ಪರವಾನಗಿಯನ್ನು ಮತ್ತೆ ಸೇರಿಸಿಕೊಂಡಿತು. ನನಗೆ ನೆನಪಾಗುವುದು ನಮ್ಮ ಉಡುಪಿಯ ಪಿಗ್ಮಿ ಠೇವಣಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿಯೇ ಬೆಳೆಯಿತು. ನೂರು ಬಳಕೆದಾರರು ತಿಂಗಳಿಗೆ ಐವತ್ತು ರೂಪಾಯಿ ಕೊಟ್ಟರೂ ಐದು ಸಾವಿರವಾಗುತ್ತದೆ.

ಮಣಿಪಾಲದ ಮಳೆ:
ಪಿಗ್ಮಿ ಕಟ್ಟಿದವನಿಗೆ ಅವನ ಹಣ ಮರಳಿ ಸಿಗುತ್ತಿತ್ತು, ಮನೆಮನೆ ಸುತ್ತಿದ ಏಜೆಂಟನಿಗೆ ಕಮಿಷನ್ ಇತ್ತು. ಇಲ್ಲಿ ಸುತ್ತುವವರು ಯಾರು? ಇದಕ್ಕೆ ಕಟೀಲು ಯಕ್ಷಗಾನ ಮೇಳದ ಹರಕೆಯಾಟವೇ ಹತ್ತಿರದ ಮಾದರಿ: ವೀಳ್ಯ, ಅಂದರೆ ಆಟದ ಹಣ, ಕೊಡುವುದು ಒಂದು ಮನೆ, ಆಟ ನೋಡುವುದು ಇಡೀ ಊರು, ಟಿಕೆಟ್ಟಿಲ್ಲ. ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರ್ ತೆಗೆದಿರಿಸಿರುವುದು ಇಂಥದ್ದೇ ರೀತಿ. ಅಲ್ಲಿಗೆ ಅರ್ಜಿ ಹಾಕಿ.

ಮಲ್ಪೆ ಬಂದರು:
ಹರಕೆ ಹೊರುವವನಿಗೆ ದೇವಿಯ ಭಯಭಕ್ತಿ ಇರುತ್ತದೆ. ಕಂಪನಿಗೆ ಇರುವುದು ಆಡಿಟರನ ಭಯ ಮಾತ್ರ. ಮೇಲಾಗಿ ಆ ನಿಧಿಯ ಕನಿಷ್ಠ ಅನುದಾನವೇ ಹತ್ತು ಸಾವಿರ ಡಾಲರ್. ಇಷ್ಟು ಚಿಕ್ಕ ಲೈಬ್ರರಿ ಅದಕ್ಕೆ ಹೊಂದುವುದೇ?

ಹಂಪನಕಟ್ಟೆ ಲೆಕ್ಕಿಗ:
ನಾನು ಕಂಪನಿಗಳ ಲೆಕ್ಕ ಬರೆಯುವವನು, ಕೋಡ್ ತಿಳಿಯದು. ದೇಣಿಗೆ ಎಂದೊಡನೆ ಮಾಲೀಕರು ಕೇಳುವುದು ‘ಯಾಕೆ?’ ಎಂದು. ಲಿಫ್ಟ್‌ಗೋ ಎಸಿಗೋ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಎಂದರೆ ಪ್ರಶ್ನೆಯೇ ಇಲ್ಲದೆ ಸಹಿ ಬೀಳುತ್ತದೆ, ಏಕೆಂದರೆ ಆ ಖರ್ಚಿಗೆ ಲೆಡ್ಜರಿನಲ್ಲಿ ಮೊದಲೇ ಜಾಗವಿದೆ. ಲೈಬ್ರರಿ ಉಚಿತವಾಗಿಯೇ ಇರಲಿ. ದೋಷಕ್ಕೆ ಇಂತಿಷ್ಟು ದಿನದೊಳಗೆ ಉತ್ತರಿಸುತ್ತೇನೆಂಬ ಕರಾರನ್ನು ಮಾರಿ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಬೇಡ.

ಮಣಿಪಾಲದ ಮಳೆ:
ಸಲಹೆ ಒಳ್ಳೆಯದು, ಆದರೆ ಅಂತರ್ಜಾಲದ ಸಂಪರ್ಕವನ್ನು ಗುಪ್ತವಾಗಿಡುವ ಮುಕ್ತ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನವರಿಗೂ ಕರಾರಿನ ಕೆಲಸವಿತ್ತು. ಆದರೂ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಅಲ್ಲಿ ಪೂರ್ಣಾವಧಿಗೆ ಇದ್ದವರು ಒಬ್ಬರು, ವರ್ಷದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್. ಗ್ರಾಹಕ ತನಗೆ ಬೇಕಾದ ಸೌಲಭ್ಯಕ್ಕೆ ದುಡ್ಡು ಕೊಡುತ್ತಾನೆಯೇ ಹೊರತು ಹಳೆಯ ಕೋಡ್ ಓದಿ ಪರಿಶೀಲಿಸುವ ಕೆಲಸಕ್ಕಲ್ಲ.

ಹಂಪನಕಟ್ಟೆ ಲೆಕ್ಕಿಗ:
ಹಾಗಾದರೆ ಆ ಪರಿಶೀಲನೆಯ ಗಂಟೆಗಳನ್ನೇ ಕರಾರಿನಲ್ಲಿ ಒಂದು ಬಾಬತ್ತಾಗಿ ಬರೆಯಿರಿ. ಲಿಫ್ಟ್ ಕೆಡದಿದ್ದರೂ ಮೂರು ತಿಂಗಳಿಗೊಮ್ಮೆ ಗ್ರೀಸ್ ಹಾಕುವವನು ಬಂದೇ ಬರುತ್ತಾನಲ್ಲ.

ಕದ್ರಿಗುಡ್ಡೆ:
ಆ ಬಾಬತ್ತು ನನಗೆ ಹೊಳೆದಿರಲಿಲ್ಲ. ಪರವಾನಗಿ ಬದಲಿಸುವ ಯೋಚನೆ ಸದ್ಯಕ್ಕೆ ಬಿಟ್ಟೆ. ಭಾನುವಾರ ಕರಾರಿನ ಕರಡನ್ನು ಇಲ್ಲಿಯೇ ಹಾಕುತ್ತೇನೆ. ಗಂಟೆಯ ದರವನ್ನು ಮಾತ್ರ ಲೆಕ್ಕಿಗರೇ ಸೂಚಿಸಬೇಕು, ನಾನು ಬರೆದರೆ ಸಂಕೋಚದಿಂದ ಅರ್ಧಕ್ಕೆ ಇಳಿಸಿಬಿಡುತ್ತೇನೆ.